ಆ ಒಂದು ಸೆಕೆಂಡನ್ನು ಕೇಳಿದ್ದು ಆಬರ್ನ್ ಅಲ್ಲ: ಒಂದು ಸ್ಪಷ್ಟನೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 2013ರ ನವೆಂಬರ್ 30ರಂದು ಆಬರ್ನ್ ತಂಡವು ಅಲಬಾಮಾವನ್ನು 34–28ರಿಂದ ಸೋಲಿಸಿದ್ದರ ಬಗ್ಗೆ, ತೀರ್ಪುಗಾರರು ಆತಿಥೇಯರಿಗೆ ಒಂದು ಸೆಕೆಂಡನ್ನು ಉಡುಗೊರೆಯಾಗಿ ಕೊಟ್ಟರು, ಆ ಗೆಲುವೇ ಅವರನ್ನು ರಾಷ್ಟ್ರೀಯ ಚಾಂಪಿಯನ್ನರನ್ನಾಗಿಸಿತು ಎಂಬ ಮಾತು ಹರಿದಾಡುತ್ತಿದೆ. ನಾನು ಆಬರ್ನ್ ಪಕ್ಷಪಾತಿ. ಆದರೂ ಇವೆರಡೂ ತಪ್ಪು.

ಅಂಕ 28–28ರಲ್ಲಿ ಸಮನಾಗಿದ್ದು ಗಡಿಯಾರ ಸೊನ್ನೆಗೆ ಇಳಿದಾಗ, ಒಂದು ಸೆಕೆಂಡು ಉಳಿದಿದೆಯೆಂದು ವಾದಿಸಿದವರು ಅಲಬಾಮಾದ ತರಬೇತುದಾರ ನಿಕ್ ಸಬನ್; ವಿಡಿಯೊ ಮರುಪರಿಶೀಲನೆಯ ಬಳಿಕ ಅದು ಅವರಿಗೇ ದೊರೆಯಿತು. ಆ ಸೆಕೆಂಡಿನಲ್ಲಿ ಅವರು ಆಯ್ದುಕೊಂಡದ್ದು 57 ಗಜಗಳ ಫೀಲ್ಡ್ ಗೋಲ್ ಯತ್ನವನ್ನು, ಅಂದರೆ ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು ಅಂಕ ಪಡೆಯುವ ಯತ್ನವನ್ನು. ಅಂದು ಅದಕ್ಕೂ ಮೊದಲಿನ ಯತ್ನಗಳು ವಿಫಲವಾಗಿದ್ದರಿಂದ ಒದೆಯುವ ಆಟಗಾರನನ್ನೇ ಬದಲಿಸಲಾಗಿತ್ತು. ಚೆಂಡು ಗುರಿ ಮುಟ್ಟದೆ ಬೀಳುವಂತಿದ್ದರೆ ಎದುರಾಳಿಗಳು ಅದನ್ನು ಹಿಡಿದು ಓಡಬಹುದು ಎಂಬುದು ನಿಯಮ. ಮೈದಾನದ ತುದಿಯ ಅಂಕಪಟ್ಟಿಯಾದ ಎಂಡ್ ಜೋನ್‌ನ ಹಿಂಬದಿಯಲ್ಲಿ ಕಾದು ನಿಂತಿದ್ದ ಆಬರ್ನ್‌ನ ಕ್ರಿಸ್ ಡೇವಿಸ್ ಮಾಡಿದ್ದೂ ಅದನ್ನೇ: ಎದುರು ತುದಿಯ ಎಂಡ್ ಜೋನ್‌ವರೆಗೆ ಓಡಿ, ಆರು ಅಂಕದ ಟಚ್‌ಡೌನ್ ಗಳಿಸಿ ಪಂದ್ಯ ಗೆಲ್ಲಿಸಿದರು. ಆ ಓಟವನ್ನು ಸಾಮಾನ್ಯವಾಗಿ 109 ಗಜ ಎನ್ನುತ್ತಾರೆ. ಎಂಡ್ ಜೋನ್‌ನೊಳಗಿನ ದೂರವನ್ನು ಗಣಿಸದ ಅಧಿಕೃತ ದಾಖಲೆಯಲ್ಲಿ ಅದು 100.

ಇನ್ನು ಪ್ರಶಸ್ತಿಯ ಮಾತು. ಮುಂದಿನ ಶನಿವಾರ ಮಿಸೌರಿಯನ್ನು 59–42ರಿಂದ ಮಣಿಸಿ ಆಬರ್ನ್ ಗೆದ್ದದ್ದು ತನ್ನ ಪ್ರಾದೇಶಿಕ ಕೂಟವಾದ ಎಸ್‌ಇಸಿಯ ಪ್ರಶಸ್ತಿಯನ್ನು ಮಾತ್ರ. ರಾಷ್ಟ್ರೀಯ ಪ್ರಶಸ್ತಿಯ ಪಂದ್ಯದಲ್ಲಿ, 2014ರ ಜನವರಿ 6ರಂದು, ಅದು ಫ್ಲಾರಿಡಾ ಸ್ಟೇಟ್‌ಗೆ 31–34ರಿಂದ ಸೋತಿತು; ಗೆಲುವಿನ ಟಚ್‌ಡೌನ್ ಬಂದಾಗ ಉಳಿದಿದ್ದದ್ದು 13 ಸೆಕೆಂಡು.