ಬಾಯಿ ಬಿಡದ ‘ಇ’ ಮತ್ತು ತೀರ್ಥಹಳ್ಳಿಯ ಮಳೆ

ನಮ್ಮ ಪುಟ್ಟಿ ಈಗ ಒಂದನೇ ಕ್ಲಾಸು. ಜೂನ್ ಕೊನೆಯಲ್ಲಿ ಒಂದು ಸಂಜೆ ಅವಳ ಬ್ಯಾಗಿನಿಂದ ಒಂದು ವರ್ಕ್‌ಶೀಟ್ ಹೊರಬಂತು. ಅರ್ಧ ಬಾಳೆಹಣ್ಣು ಅಂಟಿಕೊಂಡಿತ್ತು. ಅದನ್ನು ಒರೆಸಿ ನೋಡಿದೆ. ಎಡಗಡೆ ಒಂದು ಟೋಪಿ, ಕೆಳಗೆ ಸಿ ಎ ಪಿ. ಬಲಗಡೆ ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಹಾರುತ್ತಿರುವ ಒಬ್ಬ ಹುಡುಗ, ಕೆಳಗೆ ಸಿ ಎ ಪಿ ಇ. ಮೇಲೆ ದೊಡ್ಡದಾಗಿ ಒಂದು ‘ಇ’. ಅದಕ್ಕೆ ಎರಡು ಕಣ್ಣು, ಕೈಯಲ್ಲೊಂದು ಮಂತ್ರದಂಡ, ತುಟಿ ಮೇಲೆ ಬೆರಳು. ಮ್ಯಾಜಿಕ್ ಇ ಅಂತೆ. ಡೈರಿಯಲ್ಲಿ ಮಿಸ್ ಬರೆದಿದ್ದರು: ಪೋಷಕರು ಮನೆಯಲ್ಲಿ ಅಭ್ಯಾಸ ಮಾಡಿಸಿ.

ಇದೇನು ಮಹಾ ಅಂದುಕೊಂಡೆ.

“ನೋಡು ಪುಟ್ಟಿ, ಇದು ಕ್ಯಾಪ್. ಕೊನೆಗೆ ಇ ಬಂದು ಕೂತರೆ ಕೇಪ್. ಇ ತಾನು ಮಾತಾಡಲ್ಲ. ಆದ್ರೆ ಹಿಂದಿರೋ ‘ಎ’ ಕೈಲಿ ತನ್ನ ಹೆಸರು ಜೋರಾಗಿ ಹೇಳಿಸುತ್ತೆ.”

“ಕೇಪ್ ಅಂದ್ರೆ?”

“ಅದೇ, ಬೆನ್ನ ಮೇಲಿನ ಬಟ್ಟೆ.”

“ಅದು ಟವೆಲ್ ಅಲ್ವಾ? ಅಜ್ಜ ಹಾಕ್ಕೊಳ್ತಾರಲ್ಲ.”

ಸರಿ, ಟವೆಲ್ಲೇ. ಮುಂದಿನ ಪ್ರಶ್ನೆ ಬಂತು. “ಇ ಯಾಕೆ ಮಾತಾಡಲ್ಲ? ಜಗಳ ಆಗಿದ್ಯಾ?”

ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಧೈರ್ಯವೂ ಇರಲಿಲ್ಲ. “ಅಜ್ಜ ಜಗಲಿ ಮೇಲೆ ಸುಮ್ನೆ ಕೂತಿದ್ರೂ ನೀವೆಲ್ಲ ನೆಟ್ಟಗೆ ಕೂರ್ತೀರಲ್ಲ, ಹಾಗೆ” ಅಂದೆ. ಅವಳಿಗೆ ಇದು ಒಪ್ಪಿಗೆಯಾಯಿತು. ನನಗೂ ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯಾಯಿತು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಹೆಮ್ಮೆ ಜಾಸ್ತಿಯಾಗಿ ಕಾಗುಣಿತವನ್ನೂ ಎಳೆದು ತಂದೆ. ನಮ್ಮಲ್ಲಿ ಕ ಗುಡಿಸು ಕಿ, ಗುಡಿಸಿನ ದೀರ್ಘ ಕೀ. ದೀರ್ಘ ಅನ್ನೋದು ಅಕ್ಷರದ ಪಕ್ಕಕ್ಕೇ ಅಂಟಿಕೊಂಡಿರುತ್ತೆ. ಇಂಗ್ಲಿಷಿನವರ ದೀರ್ಘ ಮಾತ್ರ ಒಂದು ಮನೆ ಬಿಟ್ಟು ಆಚೆ ಹೋಗಿ ಕೂತಿದೆ, ಮಧ್ಯದ ಮನೆಯವರ ತಲೆ ಮೇಲಿಂದ ಕೂಗಿ ಕೆಲಸ ಮಾಡಿಸುತ್ತೆ, ಅಷ್ಟೇ ಅಂತ ವಿವರಿಸಿದೆ. ಪುಟ್ಟಿ ತಲೆಯಾಡಿಸಿದಳು. ಆಮೇಲೆ ಗಾಳಿಪಟದ ಚಿತ್ರದ ಮೇಲೆ ಬೆರಳಿಟ್ಟಳು. “ಕೆ ಐ ಟಿ ಕಿಟ್. ಕೆ ಐ ಟಿ ಇ... ಕೀಟ್!”

“ಕೀಟ್ ಅಲ್ಲ, ಕೈಟ್.”

“ದೀರ್ಘ ಅಂದ್ಯಲ್ಲ?”

ಅಂದಿದ್ದೆ. ಏನು ಮಾಡೋದು? “ಮಿಸ್ ಹೇಳಿದ್ದನ್ನ ಕಲಿ” ಅಂತ ಪುಸ್ತಕ ಮುಚ್ಚಿದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಈ ಇ ಬಗ್ಗೆ ಓದುತ್ತಾ ಕೂತೆ. ಓದಿದ ಮೇಲೆ ಪೂರ್ತಿ ನಿದ್ದೆ ಹೋಯಿತು. ಈ ಇ ಹುಟ್ಟು ಮೂಕನಲ್ಲವಂತೆ! 1400ರಲ್ಲಿ ತೀರಿಕೊಂಡ ಕವಿ ಚಾಸರ್ ಕಾಲದ ಇಂಗ್ಲಿಷಿನಲ್ಲಿ ಕೊನೆಯ ಇ ಮಾತಾಡುತ್ತಿತ್ತು. ಅವರು ‘ನೇಮ್’ ಅನ್ನುತ್ತಿರಲಿಲ್ಲ, ಹೆಚ್ಚುಕಡಿಮೆ ‘ನಾಮೆ’ ಅನ್ನುತ್ತಿದ್ದರು. ಇನ್ನೂ 400 ವರ್ಷ ಹಿಂದಕ್ಕೆ ಹೋದರೆ ‘ನಮ’. ಒಂದು ದೀರ್ಘ ಕೊಟ್ಟರೆ ನಮ್ಮ ನಾಮವೇ, ಸಂಸ್ಕೃತಕ್ಕೂ ಅದಕ್ಕೂ ನೆಂಟಸ್ತಿಕೆ. ಕೈಟ್ ಆಗ ‘ಕೀಟೆ’. ಆಮೇಲೆ ಕೊನೆಯ ಇ ಉದುರಿಹೋಯಿತು. ಸುಮಾರು 1400ರಿಂದ 1700ರ ಒಳಗೆ ಅವರ ದೀರ್ಘ ಸ್ವರಗಳೆಲ್ಲ ಜಾಗ ಬದಲಾಯಿಸಿದವು. ಆ ಹೋಗಿ ಏ ಆಯಿತು, ಈ ಹೋಗಿ ಐ ಆಯಿತು. ಬಾಯಿ ಬದಲಾದರೂ ಬರವಣಿಗೆ ಬದಲಾಗಲಿಲ್ಲ. 1582ರ ಹೊತ್ತಿಗೆ ರಿಚರ್ಡ್ ಮಲ್ಕ್ಯಾಸ್ಟರ್ ಅನ್ನುವ ಲಂಡನ್ನಿನ ಮೇಷ್ಟ್ರೊಬ್ಬರು, ಕೊನೆಯ ಇ ಇರೋದೇ ಹಿಂದಿನ ಸ್ವರವನ್ನು ಎಳೆಯೋಕೆ ಅಂತ ನಿಯಮವನ್ನೇ ಬರೆದುಬಿಟ್ಟರು. ನಾಮ ತಗೊಂಡು ಹೋಗಿ ನೇಮ್ ಮಾಡಿ ವಾಪಸ್ ನಮಗೇ ಹಾಕಿದ್ದಾರೆ ನೋಡಿ, ಮೂರು ನಾಮ!

ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ನಾನು ಕನ್ನಡ ಮೀಡಿಯಂ. ಎಬಿಸಿಡಿ ಕಂಡಿದ್ದೇ ಐದನೇ ಕ್ಲಾಸಿನಲ್ಲಿ. ನಮಗೆ ಮ್ಯಾಜಿಕ್ಕೂ ಇರಲಿಲ್ಲ, ಮಂತ್ರದಂಡವೂ ಇರಲಿಲ್ಲ. ದಂಡ ಮಾತ್ರ ಇತ್ತು. ಮಗ್ಗಿ ಥರ ರಾಗವಾಗಿ ಹೇಳುತ್ತಿದ್ದೆವು: ಎನ್ ಎ ಎಂ ಇ ನೇಮ್, ನೇಮ್ ಅಂದ್ರೆ ಹೆಸರು. ಸ್ಪೆಲಿಂಗ್ ಮರೆಯದಿರಲಿ ಅಂತ ಒಳಗೊಳಗೇ ಬೇರೆ ಥರ ಓದಿಕೊಳ್ಳುತ್ತಿದ್ದೆವು. ಬುಧವಾರ ವೆಡ್-ನೆಸ್-ಡೇ, ಚಾಕು ಕ್ನಿಫೆ, ಹೆಸರು ನಾಮೆ. ಒಂದು ದಿನ ಎದ್ದು ನಿಂತು ಓದುವಾಗ ಬಾಯಿ ತಪ್ಪಿ “ಮೈ ನಾಮೆ ಈಸ್” ಅಂದೆ. ಬಿತ್ತು ನೋಡಿ ಸ್ಕೇಲಿನ ಏಟು, ಗೆಣ್ಣಿನ ಮೇಲೆ. ನಾನು ತಪ್ಪು ಓದಿರಲಿಲ್ಲ. 600 ವರ್ಷ ತಡವಾಗಿ ಓದಿದ್ದೆ, ಅಷ್ಟೇ. ನನ್ನ ಮಗಳ ಕೀಟೂ ಹಾಗೇ.

ಇರಲಿ. ಮಾರನೇ ವಾರ ನಿಯಮಕ್ಕೆ ತಪ್ಪಿದವರ ಪಟ್ಟಿ ಬಂತು. ಕಮ್, ಸಮ್, ಹ್ಯಾವ್, ಗಿವ್, ಡನ್. ಪುಟ್ಟಿ ನಿಯಮದ ಮೇಲೆ ಪೂರ್ತಿ ವಿಶ್ವಾಸ ಇಟ್ಟಿದ್ದಳು. “ಕೋಮ್ ಹಿಯರ್ ಅಮ್ಮಾ, ಗೈವ್ ಮಿ ವಾಟರ್” ಅಂತ ಮನೆ ತುಂಬ ಓಡಾಡುತ್ತಿದ್ದಳು. ಹ್ಯಾವ್, ಗಿವ್‌ಗಳ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇತ್ತು, ರಾತ್ರಿ ಓದಿದ್ದೆನಲ್ಲ. ಇಂಗ್ಲಿಷಿನಲ್ಲಿ ಪದದ ಕೊನೆಗೆ ವಿ ಒಂದೇ ನಿಲ್ಲೋ ರೂಢಿ ಇಲ್ಲ, ಜೊತೆಗೊಂದು ಇ ಬೇಕು. “ಊರಲ್ಲಿ ಕತ್ತಲಾದ ಮೇಲೆ ಬಚ್ಚಲಿಗೆ ಹೋಗೋಕೆ ನಿಂಗೆ ನಾನು ಬೇಕಲ್ಲ, ಹಾಗೆ.”

“ಹಾಗಾದ್ರೆ ಫೈವ್?”

“ಅಲ್ಲಿ ಎರಡೂ ಕೆಲಸ. ಕಾವಲೂ ಕಾಯುತ್ತೆ, ಮ್ಯಾಜಿಕ್ಕೂ ಮಾಡುತ್ತೆ.”

“ಟಿವಿ ಮೂಲೇಲಿ ಕೆಂಪಗೆ ಬರ್ತಿದ್ಯಲ್ಲ, ಎಲ್ ಐ ವಿ ಇ? ಅದು ಲಿವ್ವಾ, ಲೈವಾ?”

ಕ್ರಿಕೆಟ್ ನೋಡುತ್ತಿದ್ದ ಇವರು “ಎರಡೂ ಹೌದು ಪುಟ್ಟಿ” ಅಂದರು. ಅವಳು ನಮ್ಮಿಬ್ಬರನ್ನೂ ಒಂದು ಥರ ನೋಡಿದಳು. ಕಡಿಮೆ ಚಿಲ್ಲರೆ ಕೊಟ್ಟ ಅಂಗಡಿಯವರನ್ನು ನೋಡುತ್ತೇವಲ್ಲ, ಹಾಗೆ.

ಮಕ್ಕಳಿಗೆ ಒಂದು ನಿಯಮ ಸಿಕ್ಕರೆ ಹೊಸ ಸುತ್ತಿಗೆ ಸಿಕ್ಕ ಹಾಗೆ. ಮನೆಯಲ್ಲಿ ಬಡಿದು ಮುಗಿಸಿ ಬೀದಿಗಿಳಿದಳು. ಬೆಂಗಳೂರಿನ ಬೋರ್ಡುಗಳಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡಕ್ಕೇನೂ ಬರವಿಲ್ಲ. ಒಂದು ಹೋಟೆಲಿನ ಮುಂದೆ ನಿಂತು ಓದಿದಳು: “ಡೋಸ್ ಮೇನ್.” ದೋಸೆ ಮನೆ ಅದು. ಮೆನು ಬೋರ್ಡಿನಲ್ಲಿ ರವೆ ಇಡ್ಲಿ ಹೋಗಿ ರೇವ್ ಇಡ್ಲಿಯಾಯಿತು. ಎಲ್ಲಿ ಪೊಲೀಸರು ಬರುತ್ತಾರೋ ಅನ್ನಿಸಿತು. ಕ್ಯಾಶಿಯರ್ ಹತ್ತಿರ ಕತ್ತು ಎತ್ತಿ “ಅಂಕಲ್, ವೇಡ್ ಇದ್ಯಾ?” ಅಂದಳು. ಅವರು ಪಾಪ “ವೇಟ್ ಏನೂ ಇಲ್ಲ ಪುಟ್ಟಾ, ಈಗ್ಲೇ ಕೊಡ್ತೀನಿ, ಏನು ಬೇಕು?” ಅಂದರು.

ದಾವಣಗೆರೆ ಬಸ್ಸು ದಾವಣಗಿಯರ್ ಬಸ್ಸಾಯಿತು. ಬಸ್ಸಿಗೆ ಗಿಯರ್ ಇರಬೇಕಾದ್ದೇ, ಸುಮ್ಮನಿದ್ದೆ. ಹಳೇ ಕ್ಯಾಲೆಂಡರೊಂದರಲ್ಲಿ ಮೈಸೂರನ್ನು ಹಳೇ ಸ್ಪೆಲಿಂಗಿನಲ್ಲಿ ಬರೆದಿದ್ದರು. ಅದನ್ನವಳು “ಮೈ ಸೋರ್” ಅಂತ ಓದಿದ್ದು ಮಾತ್ರ ಸರಿಯಾಗೇ ಇತ್ತು. ಸರ್ಕಾರ 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿಸಿತಲ್ಲ, ಆಗ ಬೆಂಗಳೂರು, ಮೈಸೂರು, ಮಂಗಳೂರುಗಳ ಬಾಲದಲ್ಲಿದ್ದ ಮೂಕ ಇ ತೆಗೆದು ಉ ಹಾಕಿದರು. ಅದೇ ದಿನ ಹೊಸಪೇಟೆಯ ಬಾಲಕ್ಕೆ ಹೊಸದಾಗಿ ಒಂದು ಇ ಸೇರಿಸಿದರು. ಮಾತಾಡುವ ಇ! ಪುಟ್ಟಿ ಪ್ರಕಾರ ಅದು ಹೊಸಪೀಟ್. ಒಂದನೇ ಕ್ಲಾಸಿನವರನ್ನು ಆ ಸಭೆಗೆ ಕರೆಯಬೇಕಿತ್ತು.

ಇಷ್ಟರವರೆಗೂ ಎಲ್ಲ ತಮಾಷೆಯೇ. ಆಮೇಲೆ ಜುಲೈ ಬಂತು.

ನನ್ನ ತೌರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಅಪ್ಪಯ್ಯನಿಗೆ ಮೊಬೈಲಿನಲ್ಲಿ ಕನ್ನಡದ ಒತ್ತಕ್ಷರ ಹುಡುಕುವಷ್ಟು ತಾಳ್ಮೆ ಇಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟಿ ವಾಟ್ಸಾಪಿಗೆ ಹಾಕುತ್ತಾನೆ. ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಕೊಡೆ ಹಿಡಿದು ತೋಟದ ಮೇಲಿನ ಹಲಸಿನ ಮರದ ಬುಡಕ್ಕೆ ಹೋಗಬೇಕು. ಹಾಗಾಗಿ ಮೆಸೇಜು ತಂತಿ ಸಂದೇಶದಷ್ಟು ಚುಟುಕು.

ಅವತ್ತು ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಎರಡೂ ಕೈ ಹಿಟ್ಟು. ಫೋನ್ ಕುಂಯ್ ಅಂದಿತು. “ಪುಟ್ಟಿ, ಅಜ್ಜಂದು ಮೆಸೇಜು. ಓದು ನೋಡಣ.”

ಅವಳು ಬೆರಳಿಟ್ಟು ಒಂದೊಂದೇ ಪದ ಓದಿದಳು.

“ಇಲ್ಲಿ... ಮೇಲ್... ಜಾಸ್ತಿ. ಹೋಲ್ ಫುಲ್.”

ಇಮೇಲ್ ಜಾಸ್ತಿ, ಹೋಲ್ ಫುಲ್. ಓಹೋ, ಫೋನಿನಲ್ಲಿ ಜಾಗ ಇಲ್ಲ. ಹೋದ ಸಲ ಊರಿಗೆ ಹೋದಾಗ ನಾನೇ ಅಪ್ಪಯ್ಯನಿಗೆ ಇಮೇಲ್ ಮಾಡಿಕೊಟ್ಟು ಬಂದಿದ್ದೆ.

“ಮೇನ್ಲಿ ಕರೆಂಟ್ ಇಲ್ಲ.”

ಅದೊಂದು ಮಳೆಗಾಲದ ಗೋಳು. ಮುಖ್ಯ ತೊಂದರೆ ಅದೇ, ಚಾರ್ಜ್ ಮಾಡೋಕಾಗಲ್ಲ. ಅಪ್ಪಯ್ಯ ಇಂಗ್ಲಿಷ್ ಚೆನ್ನಾಗೇ ಬಳಸ್ತಿದ್ದಾನಲ್ಲ ಅಂದುಕೊಂಡೆ.

“ಅಮ್ಮಂಗೆ ಟೇಲ್ ನೋವು. ಮಲಗಿಬಿಟ್ಟಳು.”

ಕೈಯಲ್ಲಿದ್ದ ರೊಟ್ಟಿ ಹರಿಯಿತು. ಟೇಲ್ ನೋವು! ಅಂಗಳದಲ್ಲಿ ಜಾರಿ ಬಿದ್ದಿದ್ದಾಳೆ. ಮಳೆಗಾಲದಲ್ಲಿ ನಮ್ಮ ಅಂಗಳ ಪಾಚಿ ಕಟ್ಟಿ ಎಣ್ಣೆ ಸವರಿದ ಹಾಗಿರುತ್ತೆ. ಓಡಾಡುವ ದಾರಿಗೆ ಅಡಿಕೆ ದಬ್ಬೆ ಹಾಕು ಅಂತ ಪ್ರತಿ ವರ್ಷ ಹೇಳುತ್ತೇನೆ, ಯಾರು ಕೇಳುತ್ತಾರೆ? ಬಾಲದ ಮೂಳೆಗೇ ಪೆಟ್ಟಾಗಿದೆ. ಅಪ್ಪಯ್ಯನಿಗೆ ಫೋನ್ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗೆ. ಪುಟ್ಟಿ ಕೈಲಿ ಮೈಕ್ ಒತ್ತಿಸಿ ಮೆಸೇಜು ಹೇಳಿದೆ:

“ಅಪ್ಪಯ್ಯ, ಜಾಸ್ತಿ ಆಗಿದ್ರೆ ಡಿಲೀಟ್ ಮಾಡು, ಜಾಗ ಆಗುತ್ತೆ. ಅದಕ್ಕೆಲ್ಲ ತಲೆಬಿಸಿ ಬೇಡ. ಅಮ್ಮನ್ನ ಕೂರೋಕೆ ಬಿಡಬೇಡ, ಬೋರಲು ಮಲಗ್ಲಿ. ನೋವಿರೋ ಕಡೆ ಐಸ್ ಇಡು. ನಾಳೆನೇ ಎಕ್ಸ್‌ರೇ ತೆಗೆಸು. ಕೂರೋಕೆ ಮಧ್ಯ ತೂತಿರೋ ದಿಂಬು ನಾನು ಕಳಿಸ್ತೀನಿ.”

ದಿಂಬನ್ನೂ ಆರ್ಡರ್ ಮಾಡಿಬಿಟ್ಟೆ. 640 ರೂಪಾಯಿ.

ಒಂದು ಗಂಟೆ ಬಿಟ್ಟು ಅಪ್ಪಯ್ಯನ ಫೋನ್. ಹಿಂದೆ ಕೊಡೆಯ ಮೇಲೆ ಮಳೆ ಬಡಿಯುವ ಸದ್ದು.

“ಅಲ್ಲ ಮಾರಾಯ್ತಿ, ಮಳೆ ಡಿಲೀಟ್ ಮಾಡೋದು ಹೇಗೆ?”

“ಯಾವ ಮಳೆ?”

“ಎಷ್ಟು ಮಳೆ ಇರುತ್ತೆ? ಇಲ್ಲಿ ಹೊಯ್ತಿರೋದು! ಹೊಳೆ ತುಂಬಿ ರಾಮಮಂಟಪ ಮುಳುಗೋಕೆ ಬಂದಿದೆ, ನೀನು ಡಿಲೀಟ್ ಮಾಡು, ಜಾಗ ಆಗುತ್ತೆ ಅಂತೀಯ. ನಿನ್ನಮ್ಮ ತಲೆನೋವು ಅಂತ ಅಮೃತಾಂಜನ ಹಚ್ಚಿ ಮಲಗಿದ್ಲು. ಎಬ್ಬಿಸಿ, ಮಗಳು ಬೋರಲು ಮಲಗೋಕೆ ಹೇಳಿದಾಳೆ ಅಂದೆ. ಈಗ ಅವಳಿಗೆ ನಿನ್ನ ತಲೆ ಬಗ್ಗೆ ಚಿಂತೆ. ಮತ್ತೆ ಅದೇನದು, ತಲೆಗೆ ತೂತಿರೋ ದಿಂಬು?”

ನಾನು ಮೆಲ್ಲಗೆ ಫೋನ್ ಇಸ್ಕೊಂಡು ಮೆಸೇಜು ನೋಡಿದೆ. ಎಂ ಎ ಎಲ್ ಇ, ಮಳೆ. ಎಚ್ ಓ ಎಲ್ ಇ, ಹೊಳೆ. ಎಂ ಎ ಎನ್ ಇ, ಮನೆ. ಟಿ ಎ ಎಲ್ ಇ, ತಲೆ. ಪುಟ್ಟಿ ಒಂದಕ್ಷರ ತಪ್ಪಿಲ್ಲದೆ ಓದಿದ್ದಳು. ಅವಳ ಮಿಸ್ ಇದ್ದಿದ್ದರೆ ಸ್ಟಾರ್ ಕೊಡುತ್ತಿದ್ದರು. ಕನ್ನಡದಲ್ಲಿ ಕೊನೆಯ ಸ್ವರ ಬಾಯಿ ಮುಚ್ಚಿ ಕೂರುವ ಜಾತಿಯದ್ದೇ ಅಲ್ಲ ಅಂತ ನಾನು ಹೇಳಿರಲಿಲ್ಲ. ಬಸ್ಸು, ಕಾರು, ರೋಡು ಅಂತ ಇಲ್ಲದ ಕಡೆಯೂ ಒಂದು ಉ ಹಚ್ಚಿ ಮಾತಾಡಿಸುವವರು ನಾವು.

ಅಪ್ಪಯ್ಯನಿಗೆ ಎಲ್ಲ ಬಿಡಿಸಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಳೆ ಸದ್ದು ಮಾತ್ರ.

“ಅಂದ್ರೆ ಕೊನೆಯ ಇ ಯಾರೂ ಓದಲ್ಲ ಅಂತಾಯ್ತು.”

“ಹೂಂ, ಇಂಗ್ಲಿಷಲ್ಲಿ.”

“ಮತ್ತೆ ಯಾಕೆ ಬರೀಬೇಕು ಅದನ್ನ? ದಂಡ.”

ನಾನು ನಕ್ಕು ಸುಮ್ಮನಾದೆ. ನಗಬಾರದಿತ್ತು. ಅಪ್ಪಯ್ಯ ಒಂದು ಸಲ ತೀರ್ಮಾನ ಮಾಡಿದರೆ ಮುಗಿಯಿತು.

ಮೂರು ದಿನ ಬಿಟ್ಟು, ನನ್ನ ಕೈ ಸಾಂಬಾರು ಪಾತ್ರೆಯಲ್ಲಿದ್ದಾಗ ಮತ್ತೆ ಫೋನ್ ಕುಂಯ್ ಅಂದಿತು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಪುಟ್ಟಿ ಓದಲು ಶುರು ಮಾಡಿಯಾಗಿತ್ತು.

“ಅಮ್ಮಾ, ಮ್ಯಾನ್‌ಗೆ ಕರೆಂಟ್ ಬಂತಂತೆ.”

“ಅಯ್ಯೋ! ಯಾರಿಗೆ? ತೋಟಕ್ಕೆ ಬರೋ ಆಳಿಗಾ?” ಸೌಟು ಬಿಟ್ಟು ಓಡಿದೆ. ಕಂಬದ ತಂತಿ ಹರಿದು ಬಿದ್ದ ಚಿತ್ರವೆಲ್ಲ ಕಣ್ಮುಂದೆ ಬಂದುಹೋಯಿತು.

ಪುಟ್ಟಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಇನ್ನೊಂದು ಸಲ ನೋಡಿದಳು. ಆಮೇಲೆ ಅವಳ ಮಿಸ್ ಥರಾನೇ ತಲೆಯಾಡಿಸಿದಳು.

“ಮ್ಯಾನ್ ಅಲ್ಲಮ್ಮ, ಮನೆ. ಅಜ್ಜ ಇ ಬಿಟ್ಟಿದ್ದಾರೆ. ಹತ್ತು ಸಲ ಬರೆಯೋಕೆ ಹೇಳು.”