ರಿಚರ್ಡ್ ಡೇಲ್ ಮಾಡಿದ ಕಿಟಕಿ

ಮ್ಯಾಂಚೆಸ್ಟರ್‌ನಲ್ಲಿರುವ ತಂಗಿಯ ಮನೆಗೆ ಹೋದಾಗ ಅವಳು ಲಿಟಲ್ ಮೋರ್ಟನ್ ಹಾಲ್ ತೋರಿಸಿದಳು. ಚೆಷೈರ್‌ನ ಕಾಂಗಲ್ಟನ್ ಊರಿನ ಹತ್ತಿರ ಇರುವ ಹಳೇ ಜಮೀನ್ದಾರರ ಮನೆ. ಸುತ್ತ ನೀರು ತುಂಬಿದ ಕಂದಕ, ಅದರ ಮೇಲೊಂದು ಸೇತುವೆ, ಎದುರಿಗೆ ಕಪ್ಪು ಬಿಳಿ ಪಟ್ಟೆಯ ಮೂರಂತಸ್ತಿನ ಮರದ ಮನೆ. ನೋಡಿದ ಕೂಡಲೇ ಬೀಳುತ್ತದೇನೋ ಅನ್ನಿಸುತ್ತದೆ. ನೆಟ್ಟಗಿರುವ ಗೆರೆ ಒಂದೂ ಇಲ್ಲ.

ನಾನು ಮರಗೆಲಸದವರ ಮನೆಯಲ್ಲಿ ಬೆಳೆದವನು. ಉಳಿ, ಬಾಚಿ, ಕೊಡತಿಯ ಸದ್ದು ಕೇಳುತ್ತಲೇ ದೊಡ್ಡವನಾದೆ. ಅದಕ್ಕೇ ಅಲ್ಲಿ ಎಲ್ಲರೂ ಸೊಟ್ಟ ಗೋಡೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನನ್ನ ಕಣ್ಣು ಹೋದದ್ದು ಮರದ ಸಂದುಗಳ ಕಡೆಗೆ.

ಮನೆಯ ಅತಿ ಹಳೆಯ ಭಾಗ ಕಟ್ಟಿದ್ದು 1504ರಿಂದ 1508ರ ಸುಮಾರಿಗೆ. ಆಮೇಲೆ ಸುಮಾರು ನೂರು ವರ್ಷ ಮೋರ್ಟನ್ ಮನೆತನದವರು ಒಂದೊಂದೇ ಭಾಗ ಸೇರಿಸುತ್ತಾ ಹೋದರು. ಎಲ್ಲಾ ಓಕ್ ಮರ. ಆ ಕಾಲದ ಇಂಗ್ಲೆಂಡಿನ ಬಡಗಿಗಳು ಓಕನ್ನು ಒಣಗಿಸದೆ ಹಸಿಯಾಗಿಯೇ ಬಳಸುತ್ತಿದ್ದರು, ಯಾಕೆಂದರೆ ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಒಂದು ತೊಲೆಯ ತುದಿಯನ್ನು ನಾಲಗೆಯ ಹಾಗೆ ಕೆತ್ತಿ, ಇನ್ನೊಂದರಲ್ಲಿ ಕೊರೆದ ತೂತಿಗೆ ಸೇರಿಸಿ, ಅಡ್ಡಲಾಗಿ ಮರದ ಗೂಟ ಹೊಡೆಯುವುದು. ಚೌಕಟ್ಟನ್ನು ಮೊದಲು ನೆಲದ ಮೇಲೇ ಜೋಡಿಸಿ ನೋಡಿ, ಪ್ರತಿ ಸಂದಿಗೂ ಗುರುತು ಕೆತ್ತಿ, ಬಿಚ್ಚಿ, ಆಮೇಲೆ ಎತ್ತಿ ನಿಲ್ಲಿಸುತ್ತಿದ್ದರು. ಮಧ್ಯದ ಜಾಗಕ್ಕೆ ಕಡ್ಡಿಯ ತಟ್ಟಿ ಹೆಣೆದು, ಹುಲ್ಲು ಸಗಣಿ ಕಲಸಿದ ಮಣ್ಣು ಮೆತ್ತುತ್ತಿದ್ದರು. ನಮ್ಮಲ್ಲೂ ಇದೇ ತಟ್ಟಿ, ಇದೇ ಮಣ್ಣು ಅಲ್ವಾ! ಹಸಿ ಮರ ಗೋಡೆಯಲ್ಲೇ ಒಣಗುತ್ತಾ ತಿರುಚಿಕೊಳ್ಳುತ್ತದೆ, ಸಂದು ಮಾತ್ರ ಬಿಗಿಯಾಗುತ್ತದೆ. ಆ ಸೊಟ್ಟಕ್ಕೆ ಇದೂ ಒಂದು ಕಾರಣ. (ಮರಕ್ಕೆ ಕಪ್ಪು ಬಳಿದದ್ದು ಬಹಳ ಆಮೇಲೆ, ವಿಕ್ಟೋರಿಯಾ ರಾಣಿಯ ಕಾಲದ ಫ್ಯಾಷನ್.)

ದೊಡ್ಡ ಕಾರಣ ಮೇಲಿದೆ. ಮಾಳಿಗೆಯ ಮೇಲೆ 68 ಅಡಿ ಉದ್ದದ ಒಂದು ಹಜಾರ. ಮಳೆ ಬಂದಾಗ ಒಳಗೇ ಓಡಾಡಲಿಕ್ಕೆ, ಆಡಲಿಕ್ಕೆ ಅಂತ ಆಗಿನ ಶ್ರೀಮಂತರಿಗೆ ಇಂಥದ್ದೊಂದು ಬೇಕೇಬೇಕಿತ್ತು. ಹಲಗೆ ಗೋಡೆಯ ಹಿಂದೆ ಹಳೇ ಕಾಲದ ಟೆನಿಸ್ ಚೆಂಡುಗಳೂ ಸಿಕ್ಕಿವೆ. ಆದರೆ ಇದು ಮೊದಲೇ ಲೆಕ್ಕ ಹಾಕಿ ಕಟ್ಟಿದ್ದಲ್ಲ, ಆಮೇಲೆ ಹೊಳೆದು ಮೇಲಕ್ಕೆ ಹೇರಿದ್ದು. ಅದರ ಚಾವಣಿಗೆ ಭಾರದ ಕಲ್ಲು ಚಪ್ಪಡಿ ಬೇರೆ. ಕೆಳಗಿನ ಮರ ಬಾಗಿತು, ನೆಲ ಅಲೆ ಅಲೆಯಾಯಿತು. ನಂತರದ ಕಾಲದಲ್ಲಿ ಉಕ್ಕಿನ ಸರಳು ಸೇರಿಸಿ ಭದ್ರ ಮಾಡಿದ್ದಾರೆ. ಇಷ್ಟೆಲ್ಲಾ ಬಾಗಿಯೂ ಅದು ಕಳಚಿ ಬೀಳಲಿಲ್ಲ. ಆ ಸಂದು ಕೊರೆದವರ ಹೆಸರು ಯಾರೂ ಬರೆದಿಡಲಿಲ್ಲ.

ಒಬ್ಬರದ್ದು ಬಿಟ್ಟು.

ಒಳ ಅಂಗಳದಲ್ಲಿ ಮುಂದಕ್ಕೆ ಚಾಚಿಕೊಂಡ ಎರಡು ದೊಡ್ಡ ಕಿಟಕಿಗಳಿವೆ. ಅವುಗಳ ಮೇಲೆ ಮರದಲ್ಲೇ ಕೆತ್ತಿದ ಸಾಲು. ಎಲ್ಲದರಲ್ಲೂ ದೇವರಿದ್ದಾನೆ, ಈ ಕಿಟಕಿಗಳು 1559ನೇ ಇಸವಿಯಲ್ಲಿ ವಿಲಿಯಂ ಮೋರ್ಟನ್‌ನಿಂದ ಆದವು ಅಂತ ಮೊದಲು. ಅದರ ಜೊತೆಗೇ ಇನ್ನೊಂದು ಮಾತು: ಬಡಗಿ ರಿಚರ್ಡ್ ಡೇಲ್ ದೇವರ ದಯೆಯಿಂದ ಈ ಕಿಟಕಿಗಳನ್ನು ಮಾಡಿದ. ದುಡ್ಡು ಕೊಟ್ಟವನಿಗೂ ಕೈಯಾರೆ ಮಾಡಿದವನಿಗೂ ಅಲ್ಲಿನ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ, 'ಮೇಡ್'. ಕನ್ನಡದಲ್ಲಿ ಹಾಗೆ ಆಗುವುದಿಲ್ಲ, ಒಡೆಯ ಮಾಡಿಸಿದ, ಬಡಗಿ ಮಾಡಿದ. ನಮ್ಮ ಭಾಷೆ ಇಷ್ಟು ಸ್ಪಷ್ಟವಾಗಿದ್ದರೂ ನಾವು ಸಹ ಮಾಡಿಸಿದವರ ಹೆಸರನ್ನೇ ಜಾಸ್ತಿ ನೆನಪಿಡುತ್ತೇವೆ.

ಇಂಥ ಮನೆಗಳ ಚರಿತ್ರೆ ಅಂದರೆ ಮನೆತನದ ವಂಶಾವಳಿ ಅಂತಲೇ ಆಗಿಬಿಟ್ಟಿದೆ. ಮೋರ್ಟನ್‌ಗಳು ಮನೆ ಉಳಿಸಿದರು ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1640ರ ದಶಕದ ಅಂತರ್ಯುದ್ಧದಲ್ಲಿ ಅವರು ರಾಜನ ಕಡೆಗಿದ್ದರು, ಸಂಸತ್ತಿನ ಕಡೆಯವರು ಆಸ್ತಿ ಮುಟ್ಟುಗೋಲು ಹಾಕಿಕೊಂಡರು. ಆಸ್ತಿ ವಾಪಸ್ ಬಂತು, ಜೊತೆಗೆ ಸಾಲವೂ ಬಂತು. ಆಮೇಲೆ ಮನೆಯನ್ನು ಗೇಣಿ ರೈತರಿಗೆ ಬಾಡಿಗೆಗೆ ಬಿಟ್ಟರು. ಒಂದು ಕಾಲದಲ್ಲಿ ಅಲ್ಲಿಯ ಪ್ರಾರ್ಥನಾ ಮಂದಿರದಲ್ಲಿ ಕಲ್ಲಿದ್ದಲು ತುಂಬಿಟ್ಟಿದ್ದರು. ಅದೇ ಹೊತ್ತಿನಲ್ಲಿ ಇಂಗ್ಲೆಂಡಿನ ಎಷ್ಟೋ ಹಣವಂತ ಮನೆತನಗಳು ಹಳೇ ಮರದ ಮನೆ ಕೆಡವಿ ಇಟ್ಟಿಗೆ, ಕಲ್ಲಿನ ಬಂಗಲೆ ಕಟ್ಟಿಸಿಕೊಂಡವು. ಇವರ ಹತ್ತಿರ ಅಷ್ಟು ದುಡ್ಡು ಇರಲಿಲ್ಲ. ಹಾಗಾಗಿ ಡೇಲ್‌ನ ಕಿಟಕಿ ಉಳಿಯಿತು.

ಕೊನೆಕೊನೆಗೆ ಎಲಿಜಬೆತ್ ಮೋರ್ಟನ್ ಅನ್ನುವ ಕ್ರೈಸ್ತ ಸನ್ಯಾಸಿನಿಗೆ ಮನೆ ಬಂತು. ಆಕೆ ಆ ಪ್ರಾರ್ಥನಾ ಮಂದಿರವನ್ನು ಸರಿಮಾಡಿಸಿದರು. ಅವರ ನಂತರ ಸಂಬಂಧಿಯೊಬ್ಬರ ಪಾಲಿಗೆ ಬಂದು, 1938ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಗೆ ಹೋಯಿತು. ಆ ಸನ್ಯಾಸಿನಿಯ ಮೇಲೆ ನನಗೆ ನಿಜವಾಗಿ ಗೌರವವಿದೆ.

ಅಲ್ಲಿಗೆ ಹೋಗುವವರಿಗೆ ಒಂದೇ ಕೋರಿಕೆ. ಸೀದಾ ಮೇಲಿನ ಹಜಾರಕ್ಕೆ ಓಡಬೇಡಿ. ಮೊದಲು ಅಂಗಳದಲ್ಲಿ ನಿಂತು ತಲೆ ಎತ್ತಿ ಆ ಸಾಲನ್ನು ಹುಡುಕಿ. ಕಾರ್ಪೆಂಟರ್ ಅನ್ನುವುದು ಅಲ್ಲಿ ಕಾರ್ಪೆಡರ್ ಅಂತಿದೆ. ನಾನು ಅದನ್ನು ಓದಿ ಮುಗಿಸುವ ತನಕ ತಂಗಿ ಸುಮ್ನೆ ಪಕ್ಕದಲ್ಲಿ ನಿಂತಿದ್ದಳು, ಆಮೇಲೆ "ಅಪ್ಪನಿಗೆ ಇದನ್ನ ತೋರಿಸಬೇಕಿತ್ತು ಕಣೋ ಅಣ್ಣ" ಅಂದಳು.