ಕಳೆದುಹೋದದ್ದೆಲ್ಲ ಮುಖಪುಟದಲ್ಲಿದೆ

ನಮ್ಮ ಸರ್ಕಾರಿ ಜಾಲತಾಣಗಳಲ್ಲಿ ಈಗ ಏನೂ ಕಳೆದುಹೋಗುವುದಿಲ್ಲ. ಹಳೆಯ ಸುತ್ತೋಲೆಯ ಕೊಂಡಿ ಒತ್ತಿ, ಬೋರ್‌ವೆಲ್ ಸಹಾಯಧನದ ಆದೇಶದ್ದು ಒತ್ತಿ, 2011ರ ಟೆಂಡರಿನದ್ದು ಒತ್ತಿ. ಕಣ್ಣು ಮಿಟುಕಿಸುವಷ್ಟರಲ್ಲಿ ಸಚಿವರ ನಗುಮುಖ ಹಾಜರು. ಮೇಲೆ ‘ಸುಸ್ವಾಗತ’, ಕೆಳಗೆ ಬಲದಿಂದ ಎಡಕ್ಕೆ ಓಡುವ ಪ್ರಕಟಣೆ, ಮೂಲೆಯಲ್ಲಿ ಸಂದರ್ಶಕರ ಸಂಖ್ಯೆ. ಆ ಸಂಖ್ಯೆಯಲ್ಲಿ ನೀವೂ ಒಬ್ಬರಾದಿರಿ. ಆದೇಶ ಸಿಗಲಿಲ್ಲ ನಿಜ, ಆದರೆ ಸಿಗಲಿಲ್ಲ ಎಂದು ಯಾರೂ ಹೇಳಲೂ ಇಲ್ಲವಲ್ಲ!

ಈ ಪವಾಡದ ಹಿಂದಿನ ತಂತ್ರ ಬಹಳ ಸರಳ. ಇಲಾಖೆಗೆ ಹೊಸ ಜಾಲತಾಣ ಬರುತ್ತದೆ, ಗಣ್ಯರು ಗುಂಡಿ ಒತ್ತಿ ಲೋಕಾರ್ಪಣೆ ಮಾಡುತ್ತಾರೆ, ಶಾಲು ಹಾರ ಎಲ್ಲ ಆಗುತ್ತದೆ. ಹಳೆಯ ಪುಟಗಳ ಗತಿ? ಕ್ರಮವಾಗಿ ಮಾಡುವುದಾದರೆ ಹಳೆಯ ವಿಳಾಸ ಒಂದು ಕಾಲಮ್ಮಿನಲ್ಲಿ, ಅದರ ಬದಲಿಗೆ ಬಂದ ಹೊಸ ವಿಳಾಸ ಪಕ್ಕದ ಕಾಲಮ್ಮಿನಲ್ಲಿ ಎಂದು ಎಕ್ಸೆಲ್ ಹಾಳೆ ಮಾಡಿ, ಜಾಲತಾಣ ನಡೆಸುವ ಸರ್ವರ್ ಯಂತ್ರಕ್ಕೆ ಒಂದೊಂದನ್ನೂ ಹೇಳಿಕೊಡಬೇಕು. ಯಾವ ಆದೇಶ ಇನ್ನೂ ಜಾರಿಯಲ್ಲಿದೆ, ಯಾವುದು ರದ್ದಾಗಿದೆ ಎಂದು ಇಲಾಖೆಯವರು ಕೂತು ನೋಡಬೇಕು. ಟೆಂಡರಿನಲ್ಲಿ ಇದರ ಸೊಲ್ಲಿಲ್ಲ. ಇದಕ್ಕೆ ಬಿಲ್ ಪಾಸಾಗುವುದಿಲ್ಲ. ಹಾಗಾಗಿ ಗುತ್ತಿಗೆದಾರರ ಕಡೆಯ ಹುಡುಗ ಒಂದೇ ಸಾಲು ಬರೆಯುತ್ತಾನೆ: ಯಾರು ಏನು ಕೇಳಿದರೂ ಮುಖಪುಟ ತೋರಿಸು.

ಅವನನ್ನು ಬೈಯಬೇಡಿ. ಭಾರತ ಸರ್ಕಾರದ ಜಾಲತಾಣಗಳಿಗೆಂದೇ 2009ರಿಂದ ಒಂದು ಮಾರ್ಗಸೂಚಿ ಇದೆ. ತುಂಡಾದ ಕೊಂಡಿ ಇರಬಾರದು, ‘ಪುಟ ಸಿಗಲಿಲ್ಲ’ ಎಂಬ ದೋಷ ಕಾಣಬಾರದು ಎನ್ನುತ್ತದೆ ಅದು. ಕಾಣಿಸುತ್ತಿದೆಯೇ ಈಗ? ಮಾರ್ಗಸೂಚಿಯ ಅಕ್ಷರಶಃ ಪಾಲನೆ ಎಂದರೆ ಇದೇ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದವರು 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದಲ್ಲಿ ಮಾಯವಾಗಿವೆ ಎಂದು ಲೆಕ್ಕ ಹಾಕಿ 2024ರಲ್ಲಿ ಕಳವಳಪಟ್ಟರು. ಪಾಪ, ಆ ಪುಟಗಳ ಯಜಮಾನರಿಗೆ ನಮ್ಮ ಹುಡುಗನ ಒಂದು ಸಾಲು ಗೊತ್ತಿದ್ದಿದ್ದರೆ ನಷ್ಟ ಶೇ ಸೊನ್ನೆ ಎಂದು ವರದಿ ಬರುತ್ತಿತ್ತು.

ಗೂಗಲ್ ಮಾತ್ರ ಈ ಮರ್ಯಾದೆಗೆ ಮರುಳಾಗುವುದಿಲ್ಲ. ಅಳಿಸಿದ ಪುಟಗಳನ್ನೆಲ್ಲ ಮುಖಪುಟಕ್ಕೆ ಅಟ್ಟಿದರೆ ಅದನ್ನು ‘ಸಾಫ್ಟ್ 404’, ಅಂದರೆ ಇಲ್ಲದ್ದನ್ನು ಇಲ್ಲ ಎನ್ನದ ಪುಟ, ಎಂದು ಗುರುತು ಹಾಕಿ ಹುಡುಕಾಟದ ಪಟ್ಟಿಯಿಂದ ತೆಗೆಯುತ್ತದೆ. ಅದಕ್ಕೆ ಕಚೇರಿಯ ಸಂಸ್ಕೃತಿ ತಿಳಿಯದು. ನಿಜಕ್ಕೂ ಸರ್ವರ್ ಬ್ರೌಸರಿಗೆ ಉತ್ತರವಾಗಿ ಕೊಡುವ ಈ ಸಂಕೇತ ಸಂಖ್ಯೆಗಳನ್ನು ಕಂಡುಹಿಡಿದವರಿಗೇ ಕಚೇರಿಯ ಗಾಳಿ ಸೋಕಿರಲಿಲ್ಲ ಅನ್ನಿಸುತ್ತದೆ. 404 ಎಂದರೆ ಇಲ್ಲಿ ಇಲ್ಲ. 410 ಎಂದರೆ ಇತ್ತು, ತೆಗೆದುಬಿಟ್ಟೆವು, ಇನ್ನು ಬರಬೇಡಿ. ‘ತೆಗೆದುಬಿಟ್ಟೆವು’ ಎಂದು ಸಹಿ ಹಾಕಿ ಒಪ್ಪಿಕೊಳ್ಳುವ ಅಧಿಕಾರಿ ಯಾವ ಇಲಾಖೆಯಲ್ಲಿದ್ದಾರೆ? ಅವರ ವಿಳಾಸ ಸಿಕ್ಕರೆ ಸನ್ಮಾನ ಮಾಡೋಣ. 301 ಎಂದರೆ ಪುಟಕ್ಕೆ ಹೊಸ ವಿಳಾಸಕ್ಕೆ ಶಾಶ್ವತ ವರ್ಗಾವಣೆ, 302 ತಾತ್ಕಾಲಿಕ. ನಮ್ಮಲ್ಲಿ ‘ಪ್ರಭಾರ’ ಹೊತ್ತವರು ಅದೇ ಕುರ್ಚಿಯಲ್ಲಿ ನಿವೃತ್ತರಾಗುವುದುಂಟು, ಆದ್ದರಿಂದ ಬಹುತೇಕ ಎಲ್ಲವೂ 302.

302 ಎಂದಾಗ ನೆನಪಾಯಿತು. ಸರ್ಕಾರಕ್ಕೆ ಈ ಕೆಲಸ ಬರುವುದಿಲ್ಲ ಎಂದರೆ ತಪ್ಪಾದೀತು. 1860ರ ದಂಡಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಾಗ ಹಳೆಯ ಸೆಕ್ಷನ್ನಿಗೆ ಹೊಸದು ಯಾವುದು ಎಂಬ ಕೋಷ್ಟಕ ವಕೀಲರ, ಪೊಲೀಸರ ಮೊಬೈಲಿನಲ್ಲೆಲ್ಲ ಓಡಾಡಿತು. ಕೊಲೆಯ 302 ಈಗ 103. ವಂಚನೆಯ 420 ಈಗ 318. ಸೆಕ್ಷನ್ ಯಾವುದೇ ಕೇಳಿದರೂ ಮುನ್ನುಡಿ ಓದಿ ಎಂದು ಯಾರೂ ಕಳಿಸಲಿಲ್ಲ. ಕೊಲೆಗಾರನಿಗೆ ಸಿಕ್ಕ ಸೌಲಭ್ಯ ಬೋರ್‌ವೆಲ್ ಕೊರೆಸುವವನಿಗೆ ಏಕಿಲ್ಲ ಎಂದು ಕೇಳಬಾರದು.

ಒಂದು ವಿಳಾಸದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಟ್ಟುವ ಸರಪಳಿಯಂತೂ ನಮಗೆ ಹೊಸದಲ್ಲ. 1961ರ ಕಾಯ್ದೆಯಿಂದ ಶಾನುಭೋಗರು ಹೋದರು, ಗ್ರಾಮ ಲೆಕ್ಕಿಗರು ಬಂದರು. ಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿ. ಹಳ್ಳಿಯ ಅಜ್ಜ ಇವತ್ತಿಗೂ “ಶಾನುಭೋಗ್ರು ಬಂದವ್ರಾ?” ಎನ್ನುತ್ತಾನೆ, ಸರಿಯಾದ ಮನುಷ್ಯನ ಮುಂದೆಯೇ ಹೋಗಿ ನಿಲ್ಲುತ್ತಾನೆ. ಯಾವ ಸರ್ವರೂ ಇಷ್ಟು ಅಚ್ಚುಕಟ್ಟಾಗಿ ದಾರಿ ತೋರಿಸಿಲ್ಲ. ಗೂಗಲ್‌ನ ಹುಡುಕುಯಂತ್ರ ಹತ್ತು ಸಲ ಅಟ್ಟಿಸಿಕೊಂಡರೆ ಕೈಚೆಲ್ಲಿ ಕೂರುತ್ತದಂತೆ. ಹತ್ತೇ! ತಾಲ್ಲೂಕು ಕಚೇರಿಯಲ್ಲಿ ಹತ್ತನೆಯ ಟೇಬಲ್ಲಿಗೆ ಬರುವಷ್ಟರಲ್ಲಿ ನಮ್ಮವರಿಗೆ ಇನ್ನೂ ಮೊದಲ ಕಾಫಿಯ ಹೊತ್ತು.

ಇಷ್ಟಾದ ಮೇಲೂ ಆ ಆದೇಶ ಬೇಕೇ ಬೇಕು ಎನ್ನುವ ಹಟಮಾರಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ, ಮೂವತ್ತು ದಿನ ಕಾಯಿರಿ. ಇಪ್ಪತ್ತೊಂಬತ್ತನೆಯ ದಿನ ಮೊಹರಿನ ಸಮೇತ ಉತ್ತರ ಬರುತ್ತದೆ: ‘ಕೋರಿರುವ ಮಾಹಿತಿಯು ಇಲಾಖೆಯ ಜಾಲತಾಣದಲ್ಲಿ ಈಗಾಗಲೇ ಲಭ್ಯವಿದ್ದು, ಅಲ್ಲಿ ಪಡೆದುಕೊಳ್ಳಬಹುದಾಗಿದೆ.’ ಕೆಳಗೆ ಕೊಂಡಿ. ಅದನ್ನು ಅಕ್ಷರ ಅಕ್ಷರವಾಗಿ ನೋಡಿಕೊಂಡು ಟೈಪ್ ಮಾಡಿದರೆ ಸಚಿವರ ನಗುಮುಖ. ನಗುಮುಖದ ಕೆಳಗೆ ಒಂದು ಗುಂಡಿ: ‘ಮಾಹಿತಿ ಹಕ್ಕು’.

ಬ್ರೌಸರ್ ಹೀಗೆ ಸುತ್ತಾಟದಲ್ಲಿ ಸಿಕ್ಕಿಬಿದ್ದರೆ ಸ್ವಲ್ಪ ಹೊತ್ತಿಗೇ ನಿಂತು, ಈ ಪುಟ ನನ್ನನ್ನು ವಿಪರೀತ ಸಲ ಅಟ್ಟುತ್ತಿದೆ, ಕುಕ್ಕೀ ಅಳಿಸಿ ನೋಡಿ ಎಂದು ಕೈಮುಗಿಯುತ್ತದೆ. ಅರ್ಜಿದಾರನಿಗೆ ಆ ಸವಲತ್ತಿಲ್ಲ. ಅವನಿಗಿನ್ನೂ ಮೊದಲ ಮೇಲ್ಮನವಿ ಬಾಕಿ ಇದೆ. ಅದನ್ನು ಯಾವ ಅಧಿಕಾರಿಗೆ ಸಲ್ಲಿಸಬೇಕು ಎಂಬ ವಿವರ ಜಾಲತಾಣದಲ್ಲಿ ಲಭ್ಯವಿದೆ.